ಬೂದಿಗುಂಡನ ಹುಟ್ಟೂರು

ಹಂಗಳ
ಶನಿವಾರ, ಜೂನ್ ೧೪, ೨೦೨೫

ಪ್ರೀತಿಯ ನಾಗರತ್ನಾ,

ಕಣ್ಣು ಹೇಗಿದೆ? ಬಾಟಲಿಯೊಳಗಿನ ನೀರಿನ ಹಾಗೆ ಕಣ್ಣೊಳಗೆ ಒಂದು ಗೆರೆ ಅಲ್ಲಾಡುತ್ತದೆ ಎಂದಿದ್ದೆಯಲ್ಲ, ಅದು ಇನ್ನೂ ಸ್ವಲ್ಪ ಕೆಳಗಿಳಿಯಿತೇ? ಆಪರೇಷನ್ನಿನಲ್ಲಿ ತುಂಬಿದ ಗ್ಯಾಸು ತಾನಾಗಿ ಕರಗಬೇಕು, ಅಲ್ಲಿಯವರೆಗೆ ದೃಷ್ಟಿ ಎಷ್ಟು ಬರುತ್ತದೆಂದು ಹೇಳಲಾಗದು ಎಂದು ಡಾಕ್ಟರು ಹೇಳಿದ್ದನ್ನೇ ಇಲ್ಲಿ ಕೇಳಿದವರಿಗೆಲ್ಲ ಹೇಳುತ್ತಿದ್ದೇನೆ. ಕಣ್ಣಿನ ಹಿಂದೆ ಒಂದು ಪರದೆ ಇರುತ್ತದೆ, ಅದು ಕಿತ್ತುಕೊಂಡರೆ ಹೀಗೆ ಅಂಟಿಸುತ್ತಾರೆ ಎನ್ನುವುದು ಈಗ ಅರ್ಧ ಹಂಗಳಕ್ಕೆ ಬಾಯಿಪಾಠವಾಗಿದೆ. ಬೋರಲು ಮಲಗಿ ಮಲಗಿ ಹಿಡಿದುಕೊಂಡಿದ್ದ ಕತ್ತು ಸರಿಹೋಯಿತೇ? ನಿನ್ನ ಸುಧಾಮಣಿ ಅಕ್ಕ ಮಾಡಿ ಬಡಿಸುವುದನ್ನು ಬೇಡ ಎನ್ನದೆ ತಿನ್ನು. ಡ್ರಾಪ್ಸ್ ಬಿಡುವ ಹೊತ್ತು ತಪ್ಪಿಸಬೇಡ. ಬಗ್ಗಿ ಏನನ್ನೂ ಎತ್ತಬೇಡ, ಅಕ್ಕನ ಮನೆಯಲ್ಲಿ ಎತ್ತುವುದಕ್ಕೆ ಬೇರೆಯವರಿದ್ದಾರೆ.

ಸ್ಪಂದನಾ, ಇದನ್ನು ನಿನ್ನ ಅಮ್ಮನಿಗೆ ನಿಧಾನವಾಗಿ ಓದು ಮಗಳೇ. ಪರೀಕ್ಷೆಯ ಹಿಂದಿನ ದಿನ ನೋಟ್ಸ್ ಓದುವ ಹಾಗೆ ಗಡಗಡ ಓದಬೇಡ. ನಡುವೆ ಅಪ್ಪ ಅಮ್ಮನ ಮಾತು ಒಂದೆರಡು ಬರುತ್ತವೆ, ಅಲ್ಲಿ ಕೆಮ್ಮಿ ನಿಲ್ಲಿಸದೆ ಮುಂದಕ್ಕೆ ಹೋಗು. ನಿನ್ನ ಅಮ್ಮ ಫೋನು ನೋಡುವಂತಿಲ್ಲ, ನಾನೋ ಫೋನಿನಲ್ಲಿ ಮಾತಾಡುವ ಪ್ರಾಣಿಯಲ್ಲ. ಊಟ ಆಯ್ತಾ, ಹೂಂ, ಮಲ್ಕೋ, ಇಷ್ಟಕ್ಕೆ ನನ್ನ ಮಾತು ಮುಗಿಯುತ್ತದೆ. ಅದೂ ನಿಮ್ಮಜ್ಜಿ ಪಕ್ಕದಲ್ಲಿ ಕೂತು, ಸ್ಪೀಕರ್ ಹಾಕಿಸಿಕೊಂಡು, ಫೋನಿಲ್ಲದೆಯೇ ಮೈಸೂರಿಗೆ ಕೇಳಬೇಕು ಎನ್ನುವ ಹಾಗೆ ಕೂಗುತ್ತಿರುವಾಗ. ಅದಕ್ಕೇ ಈ ಕಾಗದ.

ನಾಗು, ಇಲ್ಲಿ ಎಲ್ಲ ಸುಮಾರಾಗಿದೆ. ಅರಿಸಿನ ನಾಟಿ ಮುಗಿಯಿತು. ರಸ್ತೆ ಬದಿಯ ತುಂಡಿಗೆ ಚೆಂಡು ಹೂವು ಹಾಕಿದ್ದೇನೆ. ಗಿಡ ಇನ್ನೂ ಮೊಣಕಾಲುದ್ದ ಇಲ್ಲ, ಆಗಲೇ ಊಟಿಗೆ ಹೋಗುವ ಕಾರಿನವರು ನಿಲ್ಲಿಸಿ ಯಾವಾಗ ಹೂ ಬಿಡುತ್ತದೆ, ಫೋಟೋ ತೆಗೆದುಕೊಳ್ಳಬೇಕು ಎಂದು ಕೇಳುತ್ತಾರೆ. ಬೆಳಗ್ಗೆ ಮಂಜು ಜೋರು, ಗೋಪಾಲಸ್ವಾಮಿ ಬೆಟ್ಟದ ನೆತ್ತಿ ಕಾಣುವುದು ಬಿಸಿಲೇರಿದ ಮೇಲೆಯೇ. ಮುದ್ದೆ ನಾನೇ ತೊಳಸುತ್ತಿದ್ದೇನೆ. ಮೊದಮೊದಲು ಗಂಟು ಕಟ್ಟುತ್ತಿತ್ತು, ಅವ್ವ ತಟ್ಟೆ ನೋಡಿ "ಈ ವಯಸ್ನಲ್ಲಿ ಗಂಟು ನುಂಗ್ಬೇಕೇನ್ಲಾ ನಾನು" ಎನ್ನುತ್ತಿದ್ದಳು. ಈಗ ಏನೂ ಅನ್ನದೆ ತಿನ್ನುತ್ತಾಳೆ, ಅದೇ ನನಗೆ ಸಿಕ್ಕ ಸರ್ಟಿಫಿಕೇಟು.

ಇನ್ನು ನಿಜವಾದ ವಿಷಯ. ಗುರುವಾರ ನೀನು "ಬೂದಿಗುಂಡ ಹೇಗಿದ್ದಾನೆ" ಎಂದು ಕೇಳಿದೆ, ನಾನು "ಹೂಂ" ಎಂದೆ. ಆಮೇಲೆ ಸ್ಪಂದನಾ ಅಕ್ಕನ ಮನೆಯ ಹಿತ್ತಲಿಗೆ ಹೋಗಿ ಮೆಲ್ಲಗೆ ಫೋನು ಮಾಡಿದಳು. "ಅಪ್ಪಾ, ನಿನ್ನ ಹೂಂ ಸರಿ ಇರ್ಲಿಲ್ವಂತೆ, ಅಮ್ಮ ಅಳ್ತಾ ಕೂತವ್ಳೆ" ಎಂದಳು. ಇಪ್ಪತ್ತು ವರ್ಷಕ್ಕೂ ಮೇಲೆ ನನ್ನ ಜೊತೆ ಬಾಳಿ ನೀನು ನನ್ನ ಹೂಂಗಳಲ್ಲಿ ಇಷ್ಟು ಪಳಗಿದ್ದೀಯ ಎಂದು ಗೊತ್ತಿರಲಿಲ್ಲ. ಇನ್ನೊಂದು ಮಾತೂ ಹೇಳಿದಳು. ಕಣ್ಣು ಬಾರದೆ ಹೋದರೆ ಕಳ್ಳಿಗಿಡದ ಕುಂಡಗಳನ್ನೆಲ್ಲ ಬೇಕೆಂದವರಿಗೆ ಕೊಟ್ಟುಬಿಡಲಿ, ನೋಡಲಾಗದವಳಿಗೆ ಅವು ಯಾಕೆ ಎಂದು ಅಕ್ಕನ ಹತ್ತಿರ ಹೇಳಿದ್ದೀಯಂತೆ. ಆ ಮಾತು ಕೇಳಿದಾಗಿನಿಂದ ನನಗೆ ಹೊಲದಲ್ಲಿ ಕೆಲಸ ಕೈಗೆ ಹತ್ತುತ್ತಿಲ್ಲ. ಆದ್ದರಿಂದ ನಡೆದದ್ದನ್ನೆಲ್ಲ ಬರೆಯುತ್ತೇನೆ. ಬೂದಿಗುಂಡನಿಗೆ ದೊಡ್ಡ ಪೆಟ್ಟು ಬಿದ್ದಿದೆ, ಆದರೆ ಸತ್ತಿಲ್ಲ. ಈ ಎರಡನ್ನೂ ಮೊದಲೇ ಕೇಳಿಸಿಕೊಂಡು, ಅಳದೆ, ಮುಂದಿನದನ್ನು ಕೇಳು. ಅಳಬಾರದೆಂದು ಡಾಕ್ಟರೂ ಹೇಳಿದ್ದಾರೆ.

ನೀನು ಹೊರಡುವ ದಿನ ಮಹಡಿ ಮೇಲೆ ಶೀಟಿನ ಕೆಳಗಿರುವ ಒಂದೊಂದು ಕುಂಡವನ್ನೂ ಮುಟ್ಟಿ ಮುಟ್ಟಿ ನನಗೆ ಹೇಳಿದ್ದು ಒಂದೇ ಮಾತು, "ಏನೂ ಮಾಡ್ಬೇಡಿ, ನೀರು ಹಾಕ್ಬೇಡಿ, ಸುಮ್ನೆ ಇರಿ." ಕರೆಂಟು ಬಂತೆಂದರೆ ಎಂಥ ಹೊತ್ತಿನಲ್ಲೂ ಎದ್ದು ಮೋಟಾರ್ ಹಾಕಲು ಓಡುವವನಿಗೆ ಇದಕ್ಕಿಂತ ಕಷ್ಟದ ಕೆಲಸ ಇಲ್ಲ. ಒಣಗಿದ ಮಣ್ಣು ಕಂಡರೆ ನನ್ನ ಕೈ ತುರಿಸುತ್ತದೆ. ಆದರೂ ನಾನು ಮಾತು ಉಳಿಸಿಕೊಂಡೆ. ದಿನಾ ಸಂಜೆ ಹೋಗಿ ಕೈಕಟ್ಟಿ ನಿಂತು ನೋಡಿ ಬರುತ್ತಿದ್ದೆ. ಹಾಗೆ ನೋಡುತ್ತ ನೋಡುತ್ತ, ಮೇ ತಿಂಗಳ ನಡುವಿನಲ್ಲಿ ಒಂದು ದಿನ ಬೂದಿಗುಂಡ ಸ್ವಲ್ಪ ವಾಲಿದಂತೆ ಕಂಡ. ಬೆರಳಿನಿಂದ ಮುಟ್ಟಿದರೆ ಬುಡ ಮಾಗಿದ ಸಪೋಟದ ಹಾಗೆ ಮೆತ್ತಗಿತ್ತು. ಕುಂಡದ ಮಣ್ಣು ಒದ್ದೆಯಾಗಿತ್ತು.

ನಾಗು, ಆಗ ನನಗೆ ಆ ಎಂಟು ವರ್ಷವೂ ನೆನಪಿಗೆ ಬಂತು. ನಿನ್ನ ಆ ಕಳ್ಳಿಗಿಡದ ಸಂಘದವರು ಅಂಚೆಯಲ್ಲಿ ಕಳಿಸಿದ್ದ ಬೀಜ ಸಾಸಿವೆಗಿಂತ ಸಣ್ಣದಿತ್ತು. ಅದನ್ನು ನೀನು ಟೀ ಸೋಸುವ ಜಾಲರಿಯಲ್ಲಿ ಮರಳು ಜರಡಿ ಹಿಡಿದು ಬಿತ್ತಿದ್ದೆ. ಮೊಳಕೆ ಬಂದ ದಿನ ನನ್ನನ್ನು ಹೊಲದಿಂದ ಕೂಗಿಸಿ ಕರೆಸಿದ್ದೆ, ನಾನು ಬಂದು ನೋಡಿದರೆ ಏನೂ ಕಾಣದೆ ಕನ್ನಡಕ ತರಿಸಿಕೊಂಡಿದ್ದೆ. ಎಂಟು ವರ್ಷಕ್ಕೆ ಒಂದು ನಿಂಬೆಹಣ್ಣಿನ ಗಾತ್ರಕ್ಕೆ ಬಂತು. ಇದಕ್ಕಿಂತ ಕಲ್ಲು ಬೇಗ ಬೆಳೆಯುತ್ತದೆ ಎಂದು ನಾನು ನಗಾಡುತ್ತಿದ್ದೆ. ಅದರ ಸರಿಯಾದ ಹೆಸರಿಗೆ ನನ್ನ ನಾಲಿಗೆ ಇವತ್ತಿಗೂ ಹೊರಳುವುದಿಲ್ಲ. ಮುಳ್ಳಿನ ಗಿಡ ಮನೆಗೆ ಬೇಡ ಎಂದು ಅಷ್ಟೆಲ್ಲ ಗೊಣಗಿದ ಅವ್ವ ಇದೊಂದನ್ನು ಕಂಡು "ವಿಭೂತಿ ಬಳ್ಕಂಡೇ ಹುಟ್ಟವ್ನೆ ಕಣಮ್ಮಿ ಇವ್ನು" ಎಂದು ಬೂದಿಗುಂಡ ಎಂದು ಕರೆದಳು. ಆ ಹೆಸರೇ ಇಷ್ಟಕ್ಕೆಲ್ಲ ಕಾರಣವಾಯಿತು.

ಮಾರನೆಯ ಬೆಳಗ್ಗೆ ನಾನು ಹೊಲಕ್ಕೆ ಹೋಗದೆ ಮಹಡಿಯ ಬಾಗಿಲ ಹಿಂದೆ ನಿಂತೆ. ಕೋತಿಯೋ, ಶೀಟಿನಿಂದ ಇಬ್ಬನಿ ಸೋರುತ್ತಿದೆಯೋ ನೋಡೋಣ ಎಂದು. ಬಂದದ್ದು ಅವ್ವ. ಮೆಣಸಿನಕಾಯಿ ಹರವಲು ಮಹಡಿಗೆ ಬಾ ಎಂದರೆ ಮಂಡಿ ತೋರಿಸುವವಳು, ಒಂದು ಕೈಯಲ್ಲಿ ಗೋಡೆ, ಇನ್ನೊಂದರಲ್ಲಿ ಚೊಂಬು ಹಿಡಿದು, ಮೆಟ್ಟಿಲಿಗೊಮ್ಮೆ ನಿಂತು ಉಸಿರೆಳೆದುಕೊಂಡು ಬಂದಳು. ಲಿಂಗಪೂಜೆಯ ನೀರನ್ನು ತುಳಿಯುವ ಕಡೆ ಚೆಲ್ಲಬಾರದು, ಅದು ಬಾಗಿಲ ಪಕ್ಕದ ಕಣಗಿಲೆಯ ಪಾಲು ಎನ್ನುವುದು ನೀನು ಈ ಮನೆಗೆ ಬಂದ ದಿನದಿಂದ ಕಂಡದ್ದೇ. ನೀನು ಮೈಸೂರಿಗೆ ಹೋದ ಮೇಲೆ ಅವ್ವ ಆ ನೀರನ್ನು ಬೂದಿಗುಂಡನಿಗೆ ಹುಯ್ಯುತ್ತಿದ್ದಳು. ಸುಮ್ಮನೆ ಬುಡಕ್ಕಲ್ಲ, ಅಭಿಷೇಕ ಮಾಡುವ ಹಾಗೆ ನೆತ್ತಿಯ ಮೇಲೆ. ಹುಯ್ದು, ಒದ್ದೆ ಬೆರಳನ್ನು ತನ್ನ ಎರಡು ಕಣ್ಣಿಗೂ ಒತ್ತಿಕೊಂಡು "ನನ್ ಸೊಸೆ ಕಣ್ಗೆ ಬೆಳಕು ಕೊಡಪ್ಪ" ಎಂದಳು. ನನಗೆ ಕೋಪ ಬರಬೇಕಿತ್ತು, ಅಳು ಬಂತು. ಸದ್ದು ಮಾಡದೆ ಕೆಳಗಿಳಿದು ಬಂದುಬಿಟ್ಟೆ.

ಅವ್ವನಿಗೆ ಹೇಗೆ ಹೇಳುವುದು ನೀನೇ ಹೇಳು. ನಿನ್ನ ನೀರಿನಿಂದ ಗಿಡ ಕೊಳೆಯುತ್ತಿದೆ ಎಂದರೆ ಅವಳಿಗೆ ಕೇಳಿಸುವುದು ಅದಲ್ಲ. ನಿನ್ನ ಬೇಡಿಕೆಯಿಂದಲೇ ಸೊಸೆಯ ಕಣ್ಣು ಕೆಡುತ್ತಿದೆ ಎಂದು ಕೇಳಿಸುತ್ತದೆ. ಆ ದಿನ ಶನಿವಾರವಾದದ್ದು ನನ್ನ ಪುಣ್ಯ. ಸಂಜೆ ನಿನ್ನ ಸಂಘದ ಆನ್‌ಲೈನ್ ಭಾಷಣವಿತ್ತು, ಬೂದಿಗುಂಡನ ಜಾತಿಯ ಗಿಡಗಳು ಅವುಗಳ ಹುಟ್ಟೂರಿನಲ್ಲಿ ಹೇಗೆ ಬದುಕುತ್ತವೆ ಎಂದು ಚಿಲಿ ದೇಶದ ಒಬ್ಬ ಹೆಂಗಸು ತೋರಿಸುವವಳಿದ್ದಳು. ವರ್ಷಗಟ್ಟಲೆ ಇದಕ್ಕೇ ಕಾದಿದ್ದೆ, ಈಗ ನೋಡಲಾಗದು, ನೀವಾದರೂ ಕೂತು ನೋಡಿ ನನಗೆ ಹೇಳಿ ಎಂದು ನೀನು ಆಸ್ಪತ್ರೆಯ ಮಂಚದ ಮೇಲಿಂದಲೇ ಅಪ್ಪಣೆ ಕೊಡಿಸಿದ್ದೆ. ನಾನು ಕೂರುವುದಾದರೆ ಅವ್ವನೂ ಕೂರಲಿ ಎಂದುಕೊಂಡೆ. ಬೂದಿಗುಂಡನ ಊರು ತೋರಿಸ್ತಾರಂತೆ ಕಣವ್ವ ಎಂದೆ. "ಅವ್ನಿಗೂ ಒಂದೂರು ಅದಾ?" ಎಂದು ಸೆರಗು ಸರಿಮಾಡಿಕೊಂಡು, ನೆಂಟರ ಮನೆಗೆ ಬಂದವಳ ಹಾಗೆ ಫೋನಿನ ಮುಂದೆ ಕೂತಳು.

ಫೋನನ್ನು ರಾಗಿಹಿಟ್ಟಿನ ಡಬ್ಬಿಗೆ ಒರಗಿಸಿದ್ದೆ. ಸಂಘ ನಡೆಸುವ ಸಾಗರ್ ಇಂಗ್ಲಿಷಿನಲ್ಲಿ ಶುರುಮಾಡಿ, ನೀನು ಹೇಳಿದ ಹಾಗೆ ನಡುನಡುವೆ ಕನ್ನಡದಲ್ಲೂ ಬಿಡಿಸಿ ಹೇಳಿದರು. ನಿನ್ನ ಕಣ್ಣಿನ ವಿಷಯ ಅವರಿಗೆ ಗೊತ್ತಾಗಿತ್ತು, ಎಲ್ಲರ ಪರವಾಗಿ ನಿನ್ನನ್ನು ವಿಚಾರಿಸಿದರು. ಇಲ್ಲಿ ದೀಪ ಹಚ್ಚುವ ಹೊತ್ತು, ಆ ಹೆಂಗಸಿನ ಕಿಟಕಿಯಲ್ಲಿ ಎಳೆಬಿಸಿಲು. ನಿನ್ನಷ್ಟೇ ವಯಸ್ಸಿರಬೇಕು, ಸ್ವೆಟರ್ ಹಾಕಿಕೊಂಡು ಕಾಫಿ ಕುಡಿಯುತ್ತಿದ್ದಳು. ಈಗ ನಾನು ಕಂಡದ್ದನ್ನು ಕಂಡ ಹಾಗೆ ಹೇಳುತ್ತೇನೆ, ನೀನು ಕಣ್ಣು ಮುಚ್ಚಿಕೊಂಡೇ ನೋಡು. ಒಂದು ಕಡೆ ಸಮುದ್ರ. ಅದರ ಅಂಚಿನಿಂದಲೇ ಎದ್ದ ಬೋಳು ಗುಡ್ಡ. ಹುಲ್ಲಿಲ್ಲ, ಪೊದೆಯಿಲ್ಲ, ಕೆಂಪು ಕಂದು ಜಲ್ಲಿಕಲ್ಲು ಅಷ್ಟೇ. ಆ ಕಲ್ಲುಗಳ ನಡುವೆ ನಮ್ಮ ಬೂದಿಗುಂಡನ ಅಪ್ಪಂದಿರು, ಅಜ್ಜಂದಿರು ಕೂತಿದ್ದಾರೆ. ಒಬ್ಬೊಬ್ಬನದು ನಮ್ಮ ಕೊಳದಪ್ಪಲೆಯಷ್ಟು ದಪ್ಪ ಮೈ, ಮೈತುಂಬ ಬೂದಿ, ನೆತ್ತಿಯ ಮೇಲೆ ಸ್ವಲ್ಪ ಕಂದು ತುಪ್ಪಟ. ವಿಚಿತ್ರವೆಂದರೆ ಗುಡ್ಡದ ಎಲ್ಲ ಗಿಡಗಳೂ ಬಿಸಿಲು ಬರುವ ಉತ್ತರದ ದಿಕ್ಕಿಗೇ ವಾಲಿವೆ, ಸಭೆಯಲ್ಲಿ ಕೂತವರೆಲ್ಲ ಒಂದೇ ಕಡೆ ತಿರುಗಿದ ಹಾಗೆ. ಕೆಲವಕ್ಕೆ ನೂರಾರು ವರ್ಷ ಆಗಿರಬಹುದಂತೆ. ಒಂಟೆಗೆ ತಂಗಿಯಾಗಬಹುದಾದ ಒಂದು ಪ್ರಾಣಿ ಅವುಗಳ ನಡುವೆ ಕತ್ತೆತ್ತಿಕೊಂಡು ನಡೆದುಹೋಯಿತು, ಅವ್ವ ಅದಕ್ಕೆ ಹಾಲು ಕರೆಯುತ್ತಾರಾ ಎಂದು ಕೇಳಿದಳು. ಗಿಡ ಕೀಳುವ ಕಳ್ಳರ ಕಾಟ ಅಲ್ಲಿಯೂ ಇದೆ. ಅದಕ್ಕೆ ಆಕೆ ಗುಡ್ಡ ತೋರಿಸಿದಳು, ಗುಡ್ಡದ ಹೆಸರು ಹೇಳಲಿಲ್ಲ.

ಅಲ್ಲಿ ಮಳೆ ಎಂಬುದೇ ಇಲ್ಲವಂತೆ, ಎಷ್ಟೋ ವರ್ಷ ಒಂದು ಹನಿಯೂ ಬೀಳುವುದಿಲ್ಲವಂತೆ. ಆಮೇಲೆ ಒಂದು ವಿಡಿಯೋ ಹಾಕಿದಳು. ಸಮುದ್ರದ ಕಡೆಯಿಂದ ಮಂಜು ಎದ್ದು, ಗುಡ್ಡ ಹತ್ತಿ, ಗಿಡಗಳ ಮೇಲೆ ಹಾದು ಹೋಗುತ್ತದೆ. ಮುಳ್ಳಿನ ತುದಿಯಲ್ಲಿ ಒಂದೊಂದು ಹನಿ ನಿಲ್ಲುತ್ತದೆ. ಒಂದು ಗಿಡ ಸುಕ್ಕುಗಟ್ಟಿ, ಮಣ್ಣಿನೊಳಗೆ ಇಳಿದು, ಸತ್ತಿದೆ ಎಂದು ಆಕೆ ತಾನೇ ಗುರುತು ಹಾಕಿಕೊಂಡಿದ್ದಳಂತೆ. ಕೆಲವು ವರ್ಷ ಬಿಟ್ಟು ಹೋದರೆ ಅದರ ನೆತ್ತಿಯ ಮೇಲೆ ಒಂದು ಹಳದಿ ಹೂವು. ಅವ್ವನ ಮನಸ್ಸು ಇನ್ನೂ ಆ ಮಂಜಿನಲ್ಲೇ ಇತ್ತು. "ನಮ್ ಗೋಪಾಲಸ್ವಾಮಿ ಬೆಟ್ಟದಂಗೇ ಅದಲ್ಲಾ" ಎಂದಳು. ಆಮೇಲೆ ಊರಿಗೇ ಕೇಳುವ ತನ್ನ ಮಾಮೂಲಿ ದನಿಯಲ್ಲಿ, "ಅಲ್ಲ, ಅಲ್ಲಿ ಇವ್ಕೆಲ್ಲ ನೀರು ಹುಯ್ಯೋರು ಯಾರು?" ಎಂದು ಕೇಳಿದಳು.

ಮೈಕು ಮುಚ್ಚಬೇಕೆಂದು ಸ್ಪಂದನಾ ಹೇಳಿದ್ದಳು, ನಾನು ಒತ್ತಿದ್ದು ಬೇರೆ ಯಾವುದೋ ಗುಂಡಿ. ಹಂಗಳದ ಅವ್ವನ ಪ್ರಶ್ನೆ ಎಲ್ಲ ದೇಶದವರಿಗೂ ಕೇಳಿಸಿತು. ನಾನು ಗಾಬರಿಯಿಂದ ಫೋನು ಮುಚ್ಚಲು ಹೋದರೆ ಸಾಗರ್ ತಡೆದರು. "ಅಮ್ಮ ಕೇಳಿದ್ದು ಒಳ್ಳೇ ಪ್ರಶ್ನೆ" ಎಂದು ಆಕೆಗೆ ಇಂಗ್ಲಿಷಿನಲ್ಲಿ ತಿಳಿಸಿದರು. ಆಕೆ ಕನ್ನಡಕ ತೆಗೆದು, ಅವ್ವನಿಗೇ ಹೇಳುವ ಹಾಗೆ ಹತ್ತಿರ ಬಗ್ಗಿ ಉತ್ತರ ಹೇಳಿದಳು. ಯಾರೂ ಇಲ್ಲ, ಮಂಜು ಬಂದು ಮುಟ್ಟಿ ಹೋಗುತ್ತದೆ, ಅವಕ್ಕೆ ಅಷ್ಟು ಸಾಕು, ಯಾರಾದರೂ ಪ್ರೀತಿಯಿಂದ ನೀರು ಹಾಕಿದರೆ ಸತ್ತುಹೋಗುತ್ತವೆ ಎಂದು ಸಾಗರ್ ಅದನ್ನು ಕನ್ನಡದಲ್ಲಿ ಹೇಳಿದರು. ಅವ್ವ ನನ್ನ ಮುಖ ನೋಡಿದಳು. ನನ್ನ ಮುಖದಲ್ಲಿ ಏನು ಕಂಡಳೋ, "ಅಂಗಾರೆ ನಾನು ದಿನಾ ಹುಯ್ದಿದ್ದು?" ಎಂದಳು. ನನ್ನ ಬಾಯಿಂದ ಆಗಲೂ ಬಂದದ್ದು ಹೂಂ ಒಂದೇ.

ಅಷ್ಟು ಹೊತ್ತಿಗೆ ನನಗೂ ನಾಚಿಕೆ ಬಿಟ್ಟುಹೋಗಿತ್ತು. ಬುಡ ಮೆತ್ತಗಾಗಿದೆ, ಉಳಿಸಲು ದಾರಿ ಉಂಟೇ ಎಂದು ಕೇಳಿಯೇಬಿಟ್ಟೆ. ಕ್ಯಾಲಿಕಟ್ಟಿನವರೊಬ್ಬರು ಮಲಯಾಳದಲ್ಲಿ ವಿವರವಾಗಿ ಹೇಳಿದರು. ಗುಂಡ್ಲುಪೇಟೆಯಲ್ಲಿ ಕೇರಳದವರಿಗೆ ತರಕಾರಿ ಹಾಕಿ ಹಾಕಿ ಬಂದ ಮಲಯಾಳ ನನಗೆ ಮೊದಲ ಸಲ ಚೌಕಾಸಿಗಲ್ಲದೆ ಬೇರೆ ಕೆಲಸಕ್ಕೆ ಬಂತು. ಕೊಳೆತ ಭಾಗವನ್ನು ಹೊಸ ಬ್ಲೇಡಿನಿಂದ ಕತ್ತರಿಸಬೇಕು. ಒಳಗೆ ಕಂದು ಬಣ್ಣದ ಚುಕ್ಕಿ ಕಾಣದಾಗುವವರೆಗೂ ತೆಳ್ಳಗೆ ಕತ್ತರಿಸುತ್ತಲೇ ಹೋಗಬೇಕು. ಉಳಿದದ್ದಕ್ಕೆ ಗಂಧಕದ ಪುಡಿ, ಇಲ್ಲದಿದ್ದರೆ ಒಣ ಬೂದಿ ಹಚ್ಚಿ, ನೆರಳಿನಲ್ಲಿಟ್ಟು ಮರೆತುಬಿಡಬೇಕು. ಬದುಕುವುದಾದರೆ ತಾನೇ ಬೇರು ಬಿಡುತ್ತದೆ, ಎರಡು ತಿಂಗಳಾದರೂ ಆಗಬಹುದು, ಬಿಡದೆಯೂ ಇರಬಹುದು. ಬೇರು ಬಂದ ಮೇಲೆಯೇ ಮೊದಲ ನೀರು.

ಭಾನುವಾರ ಬೆಳಗ್ಗೆ ಜಗಲಿಯ ಮೇಲೆ ಕೂತು ಕತ್ತರಿಸಿದೆ. ಅವ್ವ ಗಿಡವನ್ನು ಎರಡು ಕೈಯಲ್ಲಿ ಹಿಡಿದುಕೊಂಡಿದ್ದಳು, ಮುಳ್ಳು ಚುಚ್ಚುತ್ತದೆ ಬಟ್ಟೆ ಸುತ್ತಿಕೋ ಎಂದರೂ ಕೇಳಲಿಲ್ಲ. ಒಂದು ಬಿಲ್ಲೆ ತೆಗೆದರೆ ಕಂದು, ಇನ್ನೊಂದು ತೆಗೆದರೂ ಕಂದು. ಎಲ್ಲ ಮುಗಿದೇ ಹೋಯಿತು ಎನ್ನುವಾಗ ಒಳಗೆ ಸೌತೆಕಾಯಿಯಂತೆ ಶುದ್ಧ ಹಸಿರು ಕಂಡಿತು. ನಿನ್ನ ನಿಂಬೆಹಣ್ಣಿನಲ್ಲಿ ಈಗ ಉಳಿದಿರುವುದು ಅರ್ಧ ಹೋಳು. ಒಲೆಯ ಬೂದಿ ತರಲು ನಾನು ಎದ್ದರೆ ಅವ್ವ ಬೇಡವೆಂದು ತನ್ನ ವಿಭೂತಿಗಟ್ಟಿಯನ್ನೇ ಪುಡಿಮಾಡಿ ಗಾಯಕ್ಕೆ ಒತ್ತಿದಳು. ಆ ಹೋಳನ್ನು ನಡುಮನೆಯ ಗೋಡೆಗೂಡಿನಲ್ಲಿ ಒಣ ಮರಳಿನ ಮೇಲೆ ಇಟ್ಟಿದ್ದೇವೆ. ಪೂಜೆಯ ನೀರು ಮತ್ತೆ ಕಣಗಿಲೆಗೆ ಹೋಗುತ್ತಿದೆ. ಆದರೆ ಹೋಗುವ ಮುಂಚೆ ಅವ್ವ ಚೊಂಬು ಹಿಡಿದು ಗೂಡಿನ ಮುಂದೆ ಒಂದು ಗಳಿಗೆ ನಿಲ್ಲುತ್ತಾಳೆ. ಯಾಕವ್ವ ಎಂದರೆ "ವಾಸ್ನೆ ಕುಡೀಲಿ ಬುಡು, ಅಷ್ಟೇ ಸಾಕು ಅವ್ನಿಗೆ" ಎನ್ನುತ್ತಾಳೆ.

ಅವತ್ತಿನಿಂದ ಒಂದು ತಿಂಗಳಾಗುತ್ತ ಬಂತು, ಹೋಳು ಹಾಗೇ ಇದೆ. ಸುಕ್ಕು ಬಿದ್ದಿದೆ, ಬೇರಿಲ್ಲ. ಅದಕ್ಕೇ ನಿನಗೆ ಹೇಳಲು ಬಾಯಿ ಬರಲಿಲ್ಲ. ನಾನೇ ನೀರು ಹಾಕಿದೆ ಎಂದು ಬರೆಯೋಣ ಎಂದಿದ್ದೆ, ಅವ್ವ ಬಿಡಲಿಲ್ಲ. "ಅವ್ಳಿಗೆ ಬರಿ, ನಾನೇ ಮಾಡ್ಬುಟ್ಟೆ ಅಂತ್ಲೇ ಬರಿ, ನಿನ್ ಮೇಲೆ ಆಕ್ಕಬೇಡ" ಎಂದು ಈಗಲೂ ಎದುರಿಗೇ ಕೂತಿದ್ದಾಳೆ. ಫೋನಿನಲ್ಲಿ ಅವ್ವ ಅಷ್ಟು ಜೋರಾಗಿ ಬೇರೆಲ್ಲ ಮಾತು ಆಡುವುದು ನೀನು ಇದನ್ನು ಕೇಳಿಬಿಡುತ್ತೀಯ ಎನ್ನುವ ಭಯಕ್ಕೆ. ಅವಳ ಮೇಲೆ ಬೇಸರ ಮಾಡಿಕೊಳ್ಳಬೇಡ.

ಕುಂಡಗಳ ವಿಷಯ. ಯಾರಿಗೂ ಕೊಡುವುದಿಲ್ಲ, ಆ ಮಾತು ಇನ್ನು ಬೇಡ. ಕಣ್ಣು ಬಂದರೆ ನೀನೇ ನೋಡುತ್ತೀಯ. ಬಾರದಿದ್ದರೆ ಈ ಕಾಗದದಲ್ಲಿ ನೋಡಿ ಹೇಳಿದ ಹಾಗೆ ನಾನು ದಿನಾ ನೋಡಿ ಹೇಳುತ್ತೇನೆ, ಹೂಂ ಎಂದು ಮುಗಿಸದೆ ಪೂರ್ತಿ ಹೇಳುತ್ತೇನೆ. ನನಗೂ ಭಯವಿದೆ ನಾಗು. ನಿನ್ನ ಕಣ್ಣು ನನ್ನ ಮುಖವನ್ನು ಇನ್ನೊಮ್ಮೆ ಸರಿಯಾಗಿ ನೋಡದೆ ಹೋದರೆ ಎಂದು ನೆನೆದಾಗ ತಟ್ಟೆ ಸರಿಸಿ ಎದ್ದುಬಿಡುತ್ತೇನೆ, ಈ ಮುಖದಲ್ಲಿ ನೋಡುವಂಥದು ಏನಿಲ್ಲದಿದ್ದರೂ. ಮಂಗಳವಾರ ಡಾಕ್ಟರು ನೋಡುವಾಗ ನಾನು ನಿನ್ನ ಪಕ್ಕದಲ್ಲಿರುತ್ತೇನೆ, ಸೋಮವಾರ ಸಂಜೆಯ ಬಸ್ಸಿಗೇ ಬರುತ್ತೇನೆ. ಅಲ್ಲಿಯವರೆಗೆ ನೀನೂ ನನ್ನ ಹಾಗೆ ಏನೂ ಮಾಡದೆ ಸುಮ್ಮನಿರುವ ಕಷ್ಟ ಅನುಭವಿಸು.

ಅಕ್ಕನಿಗೂ ಭಾವನಿಗೂ ನನ್ನ ನಮಸ್ಕಾರ ತಿಳಿಸು. ಇಷ್ಟು ಉದ್ದ ಓದಿದ ಮಗಳಿಗೆ ಆಶೀರ್ವಾದ, ಒಂದು ಲೋಟ ನೀರು ಕುಡಿಯಲಿ. ನಿನಗೆ ಅವ್ವನ ಹರಕೆಯೂ ನನ್ನ ಪ್ರೀತಿಯೂ.

ನಿನ್ನ
ಶಿವಶಂಕರ

ತಾ.ಕ.: ಭಾನುವಾರ ಬೆಳಗ್ಗೆ. ನಮ್ಮೂರ ಮಹದೇವ ಟೆಂಪೋಗೆ ಟೊಮೆಟೊ ತುಂಬಿಕೊಂಡು ಮೈಸೂರಿಗೆ ಹೊರಟಿದ್ದಾನೆ, ಅವನ ಕೈಲೇ ಕಾಗದ ಕಳಿಸೋಣ ಎಂದರೆ ಆಗಲೇ ಬಾಗಿಲಲ್ಲಿ ಹಾರನ್ ಒತ್ತುತ್ತಿದ್ದಾನೆ. ಈಗ ತಾನೆ ಅವ್ವ ಗೂಡಿನ ಹತ್ತಿರದಿಂದ ಕೂಗಿ ಕರೆದಳು. ಹೋಳನ್ನು ಎತ್ತಿ ತಿರುಗಿಸಿ ನೋಡಿದೆ. ವಿಭೂತಿ ಒಣಗಿದ ಗಾಯದ ನಡುವೆ ಎರಡು ಬಿಳಿ ಬೇರು, ಅಕ್ಕಿಯ ನುಚ್ಚಿನಷ್ಟು. ನನ್ನ ಕನ್ನಡಕ ಒರೆಸಿ ಮತ್ತೆ ನೋಡಿದೆ, ಬೇರೇ. ಇನ್ನು ಮೊದಲ ನೀರು ಹಾಕಬಹುದು ಎಂದು ಚೊಂಬಿಗೆ ಕೈ ಹಾಕಿದರೆ ಅವ್ವ ಕಿತ್ತುಕೊಂಡಳು, ತಾನೂ ಹುಯ್ಯುವುದಿಲ್ಲವಂತೆ, ನನಗೂ ಬಿಡುವುದಿಲ್ಲವಂತೆ. ಅವಳು ಹೇಳಿದ್ದನ್ನು ಹಾಗೇ ಬರೆಯುತ್ತಿದ್ದೇನೆ: "ಅವ್ಳೇ ಬಂದು ಹುಯ್ಲಿ. ಕಣ್ಣಲ್ಲಿ ನೋಡ್ಕಂಡು ಹುಯ್ಲಿ. ಅಲ್ಲೀಗಂಟ ಕಾಯ್ತನೆ ಬುಡು, ಕಾಯೋ ಊರೋನು ಅವ್ನು."